ಸೊಸೆಯ ಎಂಜಲು ಅಳೆದವರು

ಸೂಜಿ ಹುಡುಕುತ್ತಿದ್ದೆ. ಕೈಗೆ ಸಿಕ್ಕಿದ್ದು ಮುಚ್ಚಳವಿರುವ ಪ್ಲಾಸ್ಟಿಕ್ ಕೊಳವೆ, ಕಿರುಬೆರಳಷ್ಟು ಉದ್ದ. ಇದು ಮನೆಗೆ ಏತಕ್ಕೆ ಬಂದದ್ದು ಅಂದರೆ ನೀವು ನಗುತ್ತೀರಿ. ನನ್ನ ಸೊಸೆ ಸವಿತಳ ಎಂಜಲು ಹಿಡಿಯುವುದಕ್ಕೆ.

ಮೊಮ್ಮಗ ಇನ್ನೂ ಎದೆಹಾಲು ಕುಡಿಯುತ್ತಿದ್ದ ವರ್ಷ. ಹಳ್ಳಿಯ ತಾಯಂದಿರಿಗೆ ಯಾವ ಕಾಲದಲ್ಲಿ ಮನಸ್ಸಿನ ಭಾರ ಹೆಚ್ಚು ಅಂತ ನೋಡಲು ಹೊಸದುರ್ಗದಿಂದ ಒಬ್ಬ ಓದಿದ ಹುಡುಗಿ ಬರುತ್ತಿದ್ದಳು. ಬಿತ್ತನೆಯಲ್ಲೊಮ್ಮೆ, ಸುಗ್ಗಿಯಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ. ಆ ಭಾರ ಹಾರ್ಮೋನಾಗಿ ಎಂಜಲಿಗೆ ಇಳಿಯುತ್ತದಂತೆ. ನಾವು ಒಬ್ಬರು ಕಚ್ಚಿದ್ದನ್ನು ಇನ್ನೊಬ್ಬರು ಮುಟ್ಟದವರು. ಅವಳು ಸವಿತಳ ಎಂಜಲನ್ನು ಐಸ್ ಡಬ್ಬಿಯಲ್ಲಿಟ್ಟು ತೀರ್ಥದ ಹಾಗೆ ಜೋಪಾನವಾಗಿ ಒಯ್ಯುತ್ತಿದ್ದಳು.

ಆ ಹುಡುಗಿ ಬರುವ ದಿನ ಸವಿತ ಎದ್ದು ಬಾಯಿ ಮುಕ್ಕಳಿಸದೆ, ಯಾವ ಕೆಲಸವನ್ನೂ ಮುಟ್ಟದೆ ಹಾಸಿಗೆಯ ಮೇಲೇ ಕುಳಿತಿರಬೇಕು. ಎದ್ದ ಕೂಡಲೇ ಒಮ್ಮೆ ಉಗುಳಬೇಕು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಹೊತ್ತು ಮೂಡುವ ಮೊದಲು ಬಾಗಿಲಿಗೆ ಸಗಣಿ ನೀರು ಬೀಳದಿದ್ದರೆ ನನಗೆ ಆಗದು. ಹಾಗಾಗಿ ಆ ದಿನಗಳಲ್ಲಿ ಕಸ ನಾನೇ ಗುಡಿಸಿದೆ, ಕುರಿಮರಿಗಳನ್ನು ನಾನೇ ತಾಯಿಗೆ ಬಿಟ್ಟೆ. ಬಯ್ಯಲೂ ಇಲ್ಲ. ನೆಂಟರು ಬಂದಾಗ ಹರಕು ಕೌದಿಯನ್ನು ಒಳಗೆ ತಳ್ಳುವುದಿಲ್ಲವೇ, ಹಾಗೆ. ಬಯ್ದರೆ ಎಂಜಲು ಕೆಟ್ಟೀತು ಅನ್ನುವ ಅಂಜಿಕೆಯೂ ಇತ್ತು.

ಸವಿತ ಆ ವರ್ಷ ಕಡ್ಡಿಯಾಗಿದ್ದಳು. ಹಾಲು ಬತ್ತುತ್ತಿತ್ತು. ತುರುವನೂರಿನ ತವರಿಗೆ ಹೋಗಿ ನಾಲ್ಕು ದಿನ ಮಲಗೆದ್ದು ಬರುತ್ತೇನೆ ಅಂದರೆ ನನ್ನ ಮಗ, ಮೊದಲು ಎಂಜಲಿನ ಫಲ ಬರಲಿ ಅನ್ನುತ್ತಿದ್ದ.

ಬೇಸಿಗೆ ಕಳೆದ ಮೇಲೆ ಹುಡುಗಿ ಮತ್ತೆ ಬಂದಳು. ಮೂರು ಕಾಲದಲ್ಲೂ ಸವಿತಳ ಹಾರ್ಮೋನು ಕಮ್ಮಿಯೇ, ಗಾಬರಿಯಾಗುವಂಥದ್ದೇನಿಲ್ಲ ಅಂದಳು. ಮಗ ನನ್ನ ಕಡೆ ತಿರುಗಿದ. "ಕೇಳ್ದೇನವ್ವ, ಏನೂ ಇಲ್ವಂತೆ. ಇನ್ಯಾತಕ್ಕೆ ತವರು?"

ಸವಿತ ಕೂಸನ್ನು ಹೆಗಲಿಗೆ ಹಾಕಿಕೊಂಡು ಹುಡುಗಿಗೆ ಹೇಳಿದಳು. "ನೀವ್ ಬರೋ ದಿನ ನಂಗೆ ಹಬ್ಬ ಕಣಕ್ಕ. ಅವತ್ತು ನಮ್ಮತ್ತೆ ಕಸ ಗುಡುಸ್ತಾರೆ, ಬಯ್ಯಲ್ಲ. ನೀವ್ ಬರ್ದಿರೋ ದಿನ ಹಿಡ್ಕಂಡೋಗ್ರಿ ನೋಡಾಣ."

ಹುಡುಗಿ ನನ್ನ ಮುಖ ನೋಡಿದಳು. ನಾನು ಸೊಸೆಯ ಮುಖ ನೋಡಿದೆ. ಸುಳ್ಳಾಗಿದ್ದರೆ ಅಲ್ಲೇ ಬಯ್ದುಬಿಡುತ್ತಿದ್ದೆ.

"ಲೇ, ಬೈಕ್ ತೆಗಿ," ಅಂದೆ ಮಗನಿಗೆ. "ಕುರಿ ನಾನ್ ನೋಡ್ಕಂತೀನಿ. ಇವಳನ್ನ ತುರುವನೂರಿಗೆ ಬಿಟ್ ಬಾ."

ಮಳೆ ಹಿಡಿಯುವ ಹೊತ್ತಿಗೆ ಕೆನ್ನೆ ತುಂಬಿಕೊಂಡು ಬಂದಳು.

ಈಗ ಬಾಗಿಲ ಕೆಲಸ ದಿನವೂ ನನ್ನದೇ. ಸವಿತ ಎದ್ದು, ಗೋಡೆಗೆ ಒರಗಿ ಸುಮ್ಮನೆ ಕುಳಿತಿರುತ್ತಾಳೆ. ನಾನು ಬಯ್ಯುವುದನ್ನು ಬಿಟ್ಟಿಲ್ಲ, ಅದು ಹುಟ್ಟುಗುಣ. ಅವಳ ಕಾಫಿ ಮುಗಿಯುವ ತನಕ ಕಾಯುತ್ತೇನೆ, ಅಷ್ಟೇ.