ಮೀನಿನ ಪಕ್ಷದ ಪೈಲ್ವಾನ

ಟಿವಿಯೊಳಗೆ ಯಾರಾದರೂ ಬಿದ್ದರೆ ಕೊಟ್ರಪ್ಪ ಮಾಮ ಎದ್ದು ನಿಲ್ಲುತ್ತಿದ್ದರು. ಕೈಯಲ್ಲಿ ಚಹಾದ ಕಪ್ಪಿರಲಿ, ಬಾಯಲ್ಲಿ ಮಿರ್ಚಿ ಬಜ್ಜಿ ಇರಲಿ, ಮಂಜುಗಡ್ಡೆಯ ಮೇಲೆ ಜಾರಿ ಬಿದ್ದ ಆ ಯಾವುದೋ ದೇಶದ ಹುಡುಗಿ ಎದ್ದು ಮತ್ತೆ ತೇಲತೊಡಗುವವರೆಗೆ ಅವರು ಕೂರುತ್ತಿರಲಿಲ್ಲ. ಆರಡಿ ಮೀರಿದ ಆಳು. ಕುಸ್ತಿಯಲ್ಲಿ ತಿಕ್ಕಿಸಿಕೊಂಡು ತಿಕ್ಕಿಸಿಕೊಂಡು ಕಿವಿಗಳು ಒಣ ಅಂಜೂರದಂತೆ ಗಂಟುಗಟ್ಟಿದ್ದವು. ಅಂಥವರು ನಮ್ಮ ಪಡಸಾಲೆಯ ನಡುವೆ ಎದ್ದು ನಿಂತರೆ ಹಿಂದೆ ಕೂತ ನನಗೂ ಅವ್ವನಿಗೂ ಟಿವಿಯೇ ಕಾಣುತ್ತಿರಲಿಲ್ಲ.

"ಅಣ್ಣಾರ, ಕುಂದರ್ರಿ. ಆಕಿ ಎದ್ದಾಳೋ ಇಲ್ಲೋ ನಮಗೂ ಕಾಣಬೇಕಲ್ಲ" ಎಂದು ಅವ್ವ ಕೂಗಿದರೆ, "ಎದ್ಲು, ಎದ್ಲು ತಂಗಿ" ಎಂದು ವರದಿ ಒಪ್ಪಿಸಿ ಕೂರುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ಕೊಟ್ಟೂರಿನ ನಮ್ಮ ಓಣಿಗೆ ಆಗಷ್ಟೇ ಕೇಬಲ್ ಬಂದಿತ್ತು. ಬಟ್ಟೆ ಅಂಗಡಿಯ ನಮ್ಮಪ್ಪ ಎಲ್ಲರಿಗಿಂತ ಮೊದಲು ತಂತಿ ಎಳೆಸಿದ್ದರು. ಕೊಟ್ರಪ್ಪ ಮಾಮ ನಮ್ಮ ಎದುರು ಮನೆಯವರು. ರಕ್ತಸಂಬಂಧವೇನಿಲ್ಲ, ಅವ್ವ ಅಣ್ಣ ಅನ್ನುತ್ತಿದ್ದಳು, ಹಾಗಾಗಿ ನನಗೆ ಮಾಮ. ಮಾರ್ಕೆಟ್ ಯಾರ್ಡಿನಲ್ಲಿ ಶೇಂಗಾ ದಲಾಲಿ ಅಂಗಡಿ ಇಟ್ಟಿದ್ದರು. ಒಂದು ಕಾಲಕ್ಕೆ ಕೂಡ್ಲಿಗಿಯಿಂದ ಹಡಗಲಿವರೆಗೆ ಅವರಿಲ್ಲದೆ ಕುಸ್ತಿಯೇ ನಡೆಯುತ್ತಿರಲಿಲ್ಲವಂತೆ. ಈಗ ಮುಂಜಾನೆ ಗರಡಿ ಮನೆಗೆ ಹೋಗಿ ಹುಡುಗರಿಗೆ ನಾಲ್ಕು ಪಟ್ಟು ಹೇಳಿಕೊಟ್ಟು ಬರುವುದಷ್ಟೇ ಉಳಿದಿತ್ತು.

ಟಿವಿಯಲ್ಲಿ ಕುಸ್ತಿ ಬರುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದರು. ಪರದೇಶದ ದೈತ್ಯರು ಕುರ್ಚಿ ಎತ್ತಿ ಬಡಿದಾಡುವ ಆ ಕುಸ್ತಿಯನ್ನು ಸ್ವಲ್ಪ ಹೊತ್ತು ನೋಡಿ ಮುಖ ಹಿಂಡಿದರು. "ಇದು ಕುಸ್ತಿ ಅಲ್ಲವ್ವಾ, ನಾಟಕ. ತೆಗಿ ಅದನ್ನ." ನಾನು ಚಾನೆಲ್ ಬದಲಿಸುತ್ತಾ ಹೋದೆ. ಬೆಳ್ಳಗೆ ಹೊಳೆಯುವ ದೊಡ್ಡ ಅಂಗಳವೊಂದು ಬಂತು. ಅದರ ಮೇಲೆ ನೀಲಿ ಉಡುಪಿನ ಹೆಂಗಸೊಬ್ಬಳು ಹಿಂದುಹಿಂದಕ್ಕೆ ಜಾರುತ್ತಾ ಬಂದು, ಗಾಳಿಗೆ ಹಾರಿ, ಬುಗುರಿಯಂತೆ ತಿರುಗಿ, ಒಂದೇ ಕಾಲಿನ ಮೇಲೆ ಇಳಿದು, ಏನೂ ಆಗಿಲ್ಲವೆಂಬಂತೆ ಕೈ ಚಾಚಿ ತೇಲಿಹೋದಳು.

"ನಿಲ್ಲು, ನಿಲ್ಲು ಗಿರಿಜಾ! ಅದೇನದು?"

ನನಗೂ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನ ಬಲದಿಂದ ಟಿವಿಯ ವಿವರಣೆ ಕೇಳಿ ಕೇಳಿ ಒಂದಿಷ್ಟು ಹೇಳಿದೆ: ಕಾಲಿಗೆ ಕತ್ತಿಯಂಥ ಪಟ್ಟಿ ಇರುವ ಬೂಟು ಹಾಕಿಕೊಂಡು ಮಂಜುಗಡ್ಡೆಯ ಮೇಲೆ ಕುಣಿಯುತ್ತಾರೆ, ಇವರೆಲ್ಲ ದೊಡ್ಡ ದೊಡ್ಡ ಪಂದ್ಯ ಮುಗಿಸಿ ಈಗ ಇದನ್ನೇ ವೃತ್ತಿ ಮಾಡಿಕೊಂಡವರು, ಇದು ಅವರವರ ನಡುವಿನ ಸ್ಪರ್ಧೆ. ಮಾಮ ಟಿವಿಯಿಂದ ಕಣ್ಣು ಕೀಳದೆ ಕೇಳಿದರು.

"ಅಂದ್ರ ಇದು ಅವ್ರ ಹೊಟ್ಟಿಪಾಡು" ಎಂದರು. "ವಯಸ್ಸು ಮೀರಿದ್ರೂ ಬಿಟ್ಟಿಲ್ಲ ನೋಡು. ಶಾಭಾಸ್."

ಅಂದಿನಿಂದ ಭಾನುವಾರದ ಬೆಳಗು ನಮ್ಮ ಮನೆಯಲ್ಲಿ ಮಂಜುಗಡ್ಡೆಯದೇ ಆಯಿತು. ಆ ಹೆಸರುಗಳು ಬಾಯಿಗೆ ತಿರುಗುತ್ತಿರಲಿಲ್ಲವಾದ್ದರಿಂದ ಮಾಮನೇ ಹೆಸರಿಟ್ಟರು. ಮೊದಲ ದಿನದ ನೀಲಿ ಉಡುಪಿನ ಎತ್ತರದ ಹೆಂಗಸು 'ಮೀನು'. ಗಿಡ್ಡಗೆ, ಚುರುಕಾಗಿ, ಕಣ್ಣಿಗೆ ಸಿಗದಷ್ಟು ವೇಗದಲ್ಲಿ ಸುತ್ತುವ ಹುಡುಗಿ 'ಗಿರಿಗಿಟ್ಲಿ'. ಮಾಮ ಮೀನಿನ ಪಕ್ಷ, ಅವ್ವ ಗಿರಿಗಿಟ್ಲಿಯ ಪಕ್ಷ.

"ಮೀನಿನ ಮಾರಿ ಮ್ಯಾಲೆ ಒಂದು ನಗುವಿಲ್ಲ, ಏನಿಲ್ಲ. ಗಿರಿಗಿಟ್ಲಿ ನೋಡ್ರಿ, ಮದುವಿಮನಿಗೆ ಬಂದಂಗ ಬರ್ತಾಳ" ಎನ್ನುತ್ತಿದ್ದಳು ಅವ್ವ.

"ನಗೂದು ಯಾಕ ಬೇಕು ತಂಗಿ? ಗಿರಿಗಿಟ್ಲಿ ಹಾರೂಮುಂದ 'ಈಗ ಹಾರತೀನಿ, ಈಗ ಹಾರತೀನಿ' ಅಂತ ಮೈಯೆಲ್ಲಾ ಹೇಳತೈತಿ. ಮೀನು ಹಂಗಲ್ಲ. ಹಾರಿದ ಮ್ಯಾಲೇ ನಮಗ ಗೊತ್ತಾಗೂದು. ಇಳದಾಗ ನೆಲಕ್ಕ ನೋವಾಗಬಾರದು ಅಂದಂಗ ಇಳಿತಾಳ."

ಈ ವಿಷಯ ಮಾರ್ಕೆಟ್ಟಿಗೂ ಮುಟ್ಟಿತು. ಪೈಲ್ವಾನರಿಗೆ ಈ ವಯಸ್ಸಿನಲ್ಲಿ ಹುಡುಗಿಯರ ಕುಣಿತ ನೋಡುವ ಚಟ ಹತ್ತಿದೆ ಎಂದು ಜನ ಆಡಿಕೊಂಡರು. ಗರಡಿಯ ಹುಡುಗರೂ ಬಾಯಿ ಮುಚ್ಚಿಕೊಂಡು ನಕ್ಕರಂತೆ. ಮಾಮ ಯಾರ ಮೇಲೂ ರೇಗಲಿಲ್ಲ. ಬಸ್ ಸ್ಟ್ಯಾಂಡಿನ ಸೋಡಾ ಅಂಗಡಿಗೆ ಬರುತ್ತಿದ್ದ ಮಂಜುಗಡ್ಡೆಯಲ್ಲಿ ಒಂದು ಇಡೀ ಹಲಗೆಯನ್ನು ಗೋಣಿಚೀಲದಲ್ಲಿ ಸುತ್ತಿಸಿ ತಂದು ನಮ್ಮ ಮನೆಯ ಮುಂದಿನ ಬೇವಿನ ಮರದ ಕೆಳಗೆ ಇಳಿಸಿದರು. ಕರಗದಂತೆ ಮೆತ್ತಿದ್ದ ಭತ್ತದ ಹೊಟ್ಟು ಕೊಡವಿ, ನಗುತ್ತಿದ್ದವರನ್ನೆಲ್ಲ ಕರೆದರು.

"ಬರ್ರೆಪಾ. ಕುಣಿಯೂದು ಬ್ಯಾಡ. ಇದರ ಮ್ಯಾಲೆ ಬರೀ ನಿಂತು ತೋರಿಸ್ರಿ."

ಗರಡಿಯ ಇಬ್ಬರು ಹುಡುಗರು ಹತ್ತಿದರು, ಇಬ್ಬರೂ ಜಾರಿದರು. ಕೊನೆಗೆ ಮಾಮ ಪಂಚೆ ಎತ್ತಿ ಕಟ್ಟಿ, ಬೇವಿನ ಮರ ಹಿಡಿದು ಹತ್ತಿದರು. ಮರ ಬಿಟ್ಟರು. ಒಂದು ಕ್ಷಣ, ಅಷ್ಟೇ. ಎಷ್ಟೋ ಅಖಾಡಗಳಲ್ಲಿ ಯಾರಿಂದಲೂ ಕದಲಿಸಲಾಗದ ಆ ದೇಹ ಧೊಪ್ಪನೆ ನೆಲಕ್ಕೆ ಬಿತ್ತು. ಮಾಮ ಮಲಗಿದ್ದಲ್ಲಿಂದಲೇ ನಕ್ಕರು. ಹೊಟ್ಟೆ ಕುಣಿಯುವಂತೆ ನಕ್ಕರು. ಆಮೇಲೆ ಎದ್ದು ಕೂತು, ಆ ಗಡ್ಡೆಯ ಮೇಲೆ ಅಂಗೈ ಇಟ್ಟು, ಕೈ ಜೋಮು ಹಿಡಿಯುವವರೆಗೆ ಹಾಗೇ ಇದ್ದರು. ಅವರ ಮುಖದಲ್ಲಿ ಆಗ ನಗು ಇರಲಿಲ್ಲ.

"ಇದರ ಮ್ಯಾಲೆ ಓಡಿ ಬಂದು, ಹಾರಿ, ಗಾಳ್ಯಾಗ ಸುತ್ತು ಹೊಡದು, ಒಂದ ಕಾಲ ಮ್ಯಾಲೆ ಇಳಿತಾರ" ಎಂದರು ಮೆಲ್ಲಗೆ. "ನಾವು ಇಷ್ಟು ವರ್ಷ ಮಣ್ಣಾಗ ಆಡೇವಿ. ಮಣ್ಣು ತಾಯಿ ಇದ್ದಂಗ, ಬಿದ್ರ ಹಿಡಿತಾಳ. ಇದು ಯಾರನ್ನೂ ಹಿಡಿಯಂಗಿಲ್ಲಲೇ."

ಆಮೇಲೆ ಯಾರೂ ಆಡಿಕೊಳ್ಳಲಿಲ್ಲ. ಮುಂದಿನ ಭಾನುವಾರ ಗರಡಿಯ ಹುಡುಗರಲ್ಲಿ ಕೆಲವರು ನಮ್ಮ ಕಿಟಕಿಯ ಹೊರಗೆ ನಿಂತಿದ್ದರು.

ಮರು ವರ್ಷ ಚಳಿಗಾಲದಲ್ಲಿ ದೊಡ್ಡದೊಂದು ಸ್ಪರ್ಧೆಯ ಕೊನೆಯ ಸುತ್ತು ಬಂತು. ಉಳಿದವರೆಲ್ಲ ಹಿಂದೆ ಬಿದ್ದು ಮೀನು ಮತ್ತು ಗಿರಿಗಿಟ್ಲಿ ಇಬ್ಬರೇ ಮುಂದಿದ್ದರು. ಗಿರಿಗಿಟ್ಲಿ ಮೊದಲು ಬಂದಳು. ಹಾರಿದ್ದೆಲ್ಲ ಸರಿಯಾಗಿ ಇಳಿದಳು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಮೀನು ಬಂದಳು. ಕರಿಯ ಉಡುಪು, ಒಂದೇ ಒಂದು ಪಿಟೀಲಿನ ದನಿ. ಅವಳು ಅಂದು ಹೇಗೆ ಆಡಿದಳೆಂದು ಹೇಳಲು ನನಗೆ ಇವತ್ತಿಗೂ ಮಾತು ಸಾಲದು. ಕಾಲುಗಳು ಕೆಲಸ ಮಾಡುತ್ತಿವೆ ಎಂಬುದೇ ಮರೆತುಹೋಗಿತ್ತು. ಕೊನೆಯಲ್ಲಿ ಅವಳು ಬಾಗಿ, ತಲೆ ಹಿಂದಕ್ಕೆ ಚೆಲ್ಲಿ, ನಿಧಾನವಾಗಿ ಸುತ್ತುತ್ತಾ ಸುತ್ತುತ್ತಾ ನಿಂತಾಗ ಎದುರು ಪಕ್ಷದ ಅವ್ವನೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಮ ಕೈ ಮುಗಿದು ಕೂತಿದ್ದರು.

ಅಂಕ ಬಂತು. ತೀರ್ಪುಗಾರರು ಗೆಲುವನ್ನು ಗಿರಿಗಿಟ್ಲಿಗೆ ಕೊಟ್ಟಿದ್ದರು.

ಮಾಮ ಸಿಡಿದೆದ್ದರು. "ಕಣ್ಣಿಲ್ಲೇನು ಇವ್ರಿಗೆ? ಎಲ್ಲಾ ಕಡೀಗೂ ಪಂಚರು ಹಿಂಗ ಏನು?" ಚಪ್ಪಲಿ ಮೆಟ್ಟಿ ಹೊರಡಲು ಬಾಗಿಲವರೆಗೆ ಹೋದರು.

"ಮಾಮ, ನೋಡ್ರಿಲ್ಲೆ" ಎಂದೆ.

ಪರದೆಯ ಮೇಲೆ ಮೀನು ಗಿರಿಗಿಟ್ಲಿಯ ಕಡೆಗೆ ಜಾರಿಹೋಗುತ್ತಿದ್ದಳು. ಹೋಗಿ ಆ ಹುಡುಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಅವಳ ಕಿವಿಯಲ್ಲಿ ಏನೋ ಹೇಳಿದಳು. ಗೆದ್ದ ಗಿರಿಗಿಟ್ಲಿ ಅವಳ ಭುಜದ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಮೀನು ನಗುತ್ತಿದ್ದಳು. ಆ ಮುಖದಲ್ಲಿ ನಗು ನೋಡಿದ್ದು ನಾವು ಅವತ್ತೇ.

ಮಾಮ ಬಾಗಿಲಲ್ಲೇ ನಿಂತುಬಿಟ್ಟರು. ಮೆಟ್ಟಿದ ಚಪ್ಪಲಿ ಕಳಚಿ ಕೇಳಿದರು: "ಕಿವ್ಯಾಗ ಏನಂದ್ಲು ಗಿರಿಜಾ?"

"ಕೇಳ್ಸಲಿಲ್ಲ ಮಾಮ."

ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ವಾರಗಟ್ಟಲೆ, ಕಂಡಾಗಲೆಲ್ಲ ಅದನ್ನೇ ಕೇಳಿದರು. 'ಚಲೋ ಮಾಡಿದಿ' ಅಂದಿರುತ್ತಾಳೆ ಎಂದಳು ಅವ್ವ. 'ಮುಂದಿನ ಸಲ ಬಿಡಂಗಿಲ್ಲ' ಅಂದಿರಬಹುದು ಎಂದೆ ನಾನು. ಮಾಮನಿಗೆ ಎರಡೂ ಒಪ್ಪಿಗೆಯಾಗಲಿಲ್ಲ. ಅವರ ಸಂಕಟದ ಕಾರಣವನ್ನು ನನಗೆ ತಿಳಿಸಿದವರು ಅಪ್ಪ.

ಹರಪನಹಳ್ಳಿಯ ಹುಸೇನಸಾಬರೂ ಮಾಮನೂ ಒಂದೇ ಉಸ್ತಾದರ ಕೈಯಲ್ಲಿ ಕಲಿತವರಂತೆ, ಒಂದೇ ತಾಟಿನಲ್ಲಿ ಉಂಡವರಂತೆ. ಇಬ್ಬರೂ ಹೆಸರು ಮಾಡಿದ ಮೇಲೆ ಹರಪನಹಳ್ಳಿಯಲ್ಲಿ ಜನ ಅವರಿಬ್ಬರಿಗೇ ಕುಸ್ತಿಯ ಜೋಡಿ ಹಾಕಿದರು. ಮಾಮ ಹುಸೇನಸಾಬರನ್ನು ಕೆಡವಿ, ಗೆದ್ದೆನೆಂದು ಕೈ ಎತ್ತಿದ್ದರು. ಆದರೆ ಹುಸೇನಸಾಬರ ಬೆನ್ನು ಮಣ್ಣಿಗೆ ತಾಗಿದ್ದನ್ನು ಪಂಚರು ನೋಡಿರಲಿಲ್ಲ. ಮಾಮ ಕೈ ಎತ್ತಿದ ಆ ಕ್ಷಣದಲ್ಲೇ ಹುಸೇನಸಾಬರು ಹೊರಳಿ ಅವರನ್ನು ಚಿತ್ ಮಾಡಿದರು. ಬಹುಮಾನದ ಬೆಳ್ಳಿಯ ಕಡಗ ಹುಸೇನಸಾಬರ ಕೈ ಸೇರಿತು. ಮಾಮ ಅತ್ತ ತಿರುಗಿಯೂ ನೋಡದೆ ಅಖಾಡದಿಂದ ನಡೆದುಬಿಟ್ಟರು. ಅಂದಿನಿಂದ ಮಾತಿಲ್ಲ. ದಾವಣಗೆರೆಗೆ ಹೋಗಬೇಕಾದರೂ ಬಸ್ಸು ಹರಪನಹಳ್ಳಿಯಲ್ಲಿ ನಿಲ್ಲುತ್ತದೆಂದು ಜಗಳೂರು ಸುತ್ತಿ ಹೋಗುತ್ತಿದ್ದ ಮನುಷ್ಯ.

ನನ್ನ ಅಕ್ಕನನ್ನು ಹರಪನಹಳ್ಳಿಗೆ ಕೊಟ್ಟಿತ್ತು. ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೊರಟು ನಿಂತಾಗ ಮಾಮ ಒಗೆದ ಅಂಗಿ ತೊಟ್ಟು, ಕೈಯಲ್ಲೊಂದು ಶೇಂಗಾದ ಚೀಲ ಹಿಡಿದು ಬಂದರು. "ನಡಿ, ನಾನೂ ಬರ್ತೀನಿ." ಇಳಿದ ಮೇಲೆ ನನ್ನನ್ನೂ ಜೊತೆಗೆ ಕರೆದುಕೊಂಡು, ದಾರಿ ಕೇಳುತ್ತಾ ಕೇಳುತ್ತಾ ಒಂದು ಗಾದಿ ಅಂಗಡಿಯ ಮುಂದೆ ನಿಂತರು.

ಒಳಗೆ ಹತ್ತಿಯ ರಾಶಿಯ ನಡುವೆ ಮುದುಕರೊಬ್ಬರು ಗಾದಿ ಹೊಲಿಯುತ್ತಿದ್ದರು. ಗಡ್ಡ ಯಾವುದು, ಹತ್ತಿ ಯಾವುದು ತಿಳಿಯುವಂತಿರಲಿಲ್ಲ. ತಲೆ ಎತ್ತಿದರು. ಕೈ ನಿಂತಿತು.

"ಕೊಟ್ರ್ಯಾ?"

"ಹ್ಞೂಂ."

"ಒಳಗೆ ಬಾ. ಕೂತ್ಕೋ."

"ಹೇಳಿ ಆಮ್ಯಾಲೆ ಕುಂದರ್ತೀನಿ." ಮಾಮ ಶೇಂಗಾದ ಚೀಲ ಕೆಳಗಿಟ್ಟರು. "ಅವತ್ತು ಗೆದ್ದಾವ ನಾನ. ಈಗೂ ಹಂಗ ಅಂತೀನಿ. ಆದ್ರ ನಿನ್ನ ಕುಸ್ತಿ ಭಾಳ ಚಲೋ ಇತ್ತು. ನನ್ನ ಮ್ಯಾಲೆ ಅಷ್ಟು ಚಲೋ ಯಾರೂ ಆಡಿರಲಿಲ್ಲ. ಅದನ್ನ ಅಲ್ಲೇ ನಿಂತು ಹೇಳಬೇಕಿತ್ತು. ಹೇಳದ ಹೋದ್ನಿ."

ಹುಸೇನಸಾಬರು ಬಟ್ಟೆಗೆ ದಬ್ಬಳ ಚುಚ್ಚಿಟ್ಟರು. "ನನ್ನ ಬೆನ್ನು ಮಣ್ಣಿಗೆ ತಾಗಿತ್ತು ಕೊಟ್ರ್ಯಾ. ಪಂಚರಿಗೆ ಕಾಣಲಿಲ್ಲ. ನನಗೆ ಗೊತ್ತಿತ್ತು. ಅವರು ನನ್ನ ಕೈ ಎತ್ತಿಸಿದಾಗ ನಿನ್ನ ಕಡೆಗೇ ನೋಡ್ತಿದ್ದೆ. ನೀನು ಒಂದು ಸಲ ತಿರುಗಿ ನೋಡಿದ್ರೆ ಅಲ್ಲೇ ಹೇಳಿಬಿಡ್ತಿದ್ದೆ. ನೀನು ತಿರುಗಲಿಲ್ಲ. ಆಮೇಲೆ ಹೇಳೋಕೆ ನನಗೆ ಮುಖ ಇರಲಿಲ್ಲ."

ಹೊರಗೆ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಹೋಯಿತು. ಮಾಮ ಗೋಡೆ ಹಿಡಿದುಕೊಂಡು, ಅರ್ಧ ತುಂಬಿದ ಗಾದಿಯ ಮೇಲೆ ನಿಧಾನವಾಗಿ ಕೂತರು. ಕೊನೆಗೆ ಮಾಮ ಅಂದರು: "ಚಹಾ ತರಿಸು ಲೇ."

ಹುಸೇನಸಾಬರು ಭಾನುವಾರದ ಮೊದಲ ಬಸ್ಸಿಗೆ ಕೊಟ್ಟೂರಿಗೆ ಬರತೊಡಗಿದ್ದು ಆಮೇಲೆ. ಆ ಚಾನೆಲ್ಲಿನವರು ಹಳೆಯ ಸ್ಪರ್ಧೆಗಳನ್ನೇ ಮತ್ತೆ ಮತ್ತೆ ಹಾಕುತ್ತಿದ್ದರು. ಮೊದಲ ಸಲ ನೋಡಿದಾಗ ಅವರು ತಲೆಯ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಯಾ ಅಲ್ಲಾ, ಇವರೂ ನಮ್ಮಂಗೆ ಮನುಷ್ಯರೇನಾ?" ಎಂದರು. ಮೀನು ಸೋತ ಆ ಸ್ಪರ್ಧೆಯೂ ಮರಳಿ ಬಂತು. ಮಾಮ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದೊಂದು ಹೆಜ್ಜೆಯನ್ನೂ ತೋರಿಸಿದರು. ಮುಗಿದ ಮೇಲೆ ಹೆಮ್ಮೆಯಿಂದ ಕೇಳಿದರು: "ಈಗ ಹೇಳು. ಯಾರು ಗೆದ್ರು?"

"ಗಿರಿಗಿಟ್ಲಿ" ಎಂದರು ಹುಸೇನಸಾಬರು, ತಣ್ಣಗೆ.

ಅವ್ವ ಚಪ್ಪಾಳೆ ತಟ್ಟಿದಳು. ಮಾಮ ಅಬ್ಬರಿಸಿದರು. ಅಲ್ಲಿಂದ ಶುರುವಾದ ವಾದ ಪ್ರತಿ ಭಾನುವಾರವೂ ನಡೆಯಿತು.

ನಾನು ಮದುವೆಯಾಗಿ ಹೊಸಪೇಟೆಗೆ ಹೋದೆ. ಕೆಲವು ವರ್ಷಗಳ ಮೇಲೆ ಕೇಬಲ್ಲಿನಿಂದ ಆ ಚಾನೆಲ್ಲೇ ಮಾಯವಾಯಿತೆಂದು ಅವ್ವ ಹೇಳಿದಳು. ಊರಿಗೆ ಬಂದಾಗ ಎದುರು ಮನೆಗೆ ಹೋದೆ. ಮಾಮ ಸೊರಗಿ ಮಂಚ ಹಿಡಿದಿದ್ದರು. ಅಷ್ಟು ದೊಡ್ಡ ಮೈ ಕಂಬಳಿಯೊಳಗೆ ಎಲ್ಲಿ ಹೋಯಿತೋ. ಪಕ್ಕದ ಕುರ್ಚಿಯಲ್ಲಿ ಹುಸೇನಸಾಬರು. ಟಿವಿ ಇಲ್ಲದೆಯೇ ವಾದ ನಡೆದಿತ್ತು.

"ಆ ಎರಡನೇ ಹಾರಿಕೆಯಲ್ಲಿ ನಿನ್ನ ಮೀನು ತಡವರಿಸಿದ್ಲು."

"ತಡವರಿಸಿಲ್ಲಲೇ! ಹಿಂಗ ಇಳದ್ಲು, ನೋಡು." ಮಾಮ ಕಂಬಳಿಯ ಮೇಲೆ ಅಂಗೈಯನ್ನು ಎಷ್ಟು ಹಗುರವಾಗಿ ಇಳಿಸಿ ಜಾರಿಸಿದರೆಂದರೆ, ನನಗೆ ಆ ಬೆಳ್ಳಗಿನ ಅಂಗಳವೂ ಕರಿಯ ಉಡುಪೂ ಕಣ್ಣೆದುರು ಬಂದವು. "ಕಂಡ್ಯಾ ಗಿರಿಜಾ?" ಎಂದರು. ಕಂಡೆ ಎಂದೆ. ಅದೇ ಅವರನ್ನು ನಾನು ಕೊನೆಯ ಸಲ ನೋಡಿದ್ದು.

ಸುದ್ದಿ ತಿಳಿದು ನಾನು ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಹುಸೇನಸಾಬರು ನಮ್ಮ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವರೇ ಕೇಳಿದರು:

"ಬೇಟಿ, ನೀನು ಯಾವತ್ತೂ ಹೇಳಲಿಲ್ಲ. ನಿನ್ನ ಲೆಕ್ಕದಲ್ಲಿ ಅವತ್ತು ಗೆದ್ದಿದ್ದು ಯಾರು?"

"ಮೀನು" ಎಂದೆ.

ಅವರು ತಲೆಯಾಡಿಸಿದರು. "ಹೌದು. ಮೊದಲನೇ ಸಲ ನೋಡಿದಾಗಲೇ ನನಗೂ ಗೊತ್ತಾಗಿತ್ತು."

"ಮತ್ತೆ ಗಿರಿಗಿಟ್ಲಿ ಅಂತಿದ್ರಲ್ಲ?"

"ಒಪ್ಕೊಂಡಿದ್ರೆ ಅವತ್ತೇ ಮಾತು ಮುಗಿದುಹೋಗ್ತಿತ್ತು" ಎಂದರು ಹುಸೇನಸಾಬರು. "ಅಷ್ಟು ವರ್ಷ ಮಾತಿಲ್ಲದೆ ಇದ್ದವರು ಬೇಟಿ, ನಾವು."