ಆರಿಸಿ ಕಟ್ಟಿದ ಬುತ್ತಿ

ಖಡಕ್ ರೊಟ್ಟಿಯನ್ನು ಮುರಿಯಲು ಹೋದೆ. ಅದು ಮುರಿಯಲಿಲ್ಲ, ಒದ್ದೆ ಬಟ್ಟೆಯ ಹಾಗೆ ಬಗ್ಗಿತು. ಇನ್ನೊಂದನ್ನು ಎತ್ತಿದರೆ ಅದರ ಬೆನ್ನ ಮೇಲೆ ಬೂದು ಬಣ್ಣದ ಬೂಷ್ಟು. ಗದಗಿನ ಕಡೆಯ ನಮ್ಮ ಹಳ್ಳಿಯಲ್ಲಿ ನನ್ನ ಅವ್ವ ಬಡಿದು, ಒಣಗಿಸಿ, ಬುಟ್ಟಿ ತುಂಬ ಕೊಟ್ಟು ಕಳಿಸಿದ ಜೋಳದ ರೊಟ್ಟಿ ಅದು. ಅಲ್ಲಿ ತಿಂಗಳುಗಟ್ಟಲೆ ಇಟ್ಟರೂ ಹಪ್ಪಳದಂತೆ ಮುರಿಯುತ್ತಿತ್ತು. ಪುತ್ತೂರಿನ ಗಾಳಿ ಅದನ್ನು ಒಂದು ವಾರವೂ ಬಾಳಗೊಡಲಿಲ್ಲ.

ಮಕ್ಕಳೇ, ಅದು ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಿಮ್ಮ ಅಜ್ಜ ಬಸ್ ಡ್ರೈವರ್. ವರ್ಗವಾಗಿ ಇಲ್ಲಿಗೆ ಬಂದಾಗ ಪುತ್ತೂರಿನ ದರ್ಬೆ ಎಂಬಲ್ಲಿ ಐಸಮ್ಮ ಎಂಬವರ ಮನೆಯ ಹಿಂಬದಿಯ ಎರಡು ಕೋಣೆ ಬಾಡಿಗೆಗೆ ಹಿಡಿದರು. ಐಸಮ್ಮ ಮನೆಯೊಳಗೆ ಬ್ಯಾರಿ ಮಾತಾಡುತ್ತಿದ್ದರು, ಮೀನಿನವಳೊಡನೆ ತುಳು, ನನ್ನೊಡನೆ ಕನ್ನಡ. ಇಷ್ಟು ಭಾಷೆಗಳನ್ನು ಒಂದೇ ಉಸಿರಿನಲ್ಲಿ ದಾಟುವವರ ಮುಂದೆ ನನ್ನ ಒಂದು ಕನ್ನಡವೂ ಗಂಟಲಲ್ಲೇ ನಿಲ್ಲುತ್ತಿತ್ತು. ಹಳ್ಳಿಯ ಶಾಲೆ ಬಿಟ್ಟರೆ ಬೇರೆ ಜಗತ್ತು ಕಾಣದವಳು ನಾನು. ಅವರು ಏನು ಕೇಳಿದರೂ ನಕ್ಕು ಒಳಗೆ ಹೋಗಿಬಿಡುತ್ತಿದ್ದೆ.

ಜೂನ್ ತಿಂಗಳಲ್ಲಿ ನಿಮ್ಮ ಅಮ್ಮ ಸುವರ್ಣ ಶಾಲೆಗೆ ಹೋಗತೊಡಗಿದಳು. ಮಧ್ಯಾಹ್ನ ಮನೆಗೆ ಬಂದು ಹೋಗುವಷ್ಟು ಹತ್ತಿರವಿರಲಿಲ್ಲ ಶಾಲೆ. ಬುತ್ತಿ ಕಟ್ಟಲೇಬೇಕು. ಊರಿನಲ್ಲಿ ಬುತ್ತಿ ಎಂದರೆ ನನಗೆ ಚಿಂತೆಯೇ ಇರಲಿಲ್ಲ. ಹಂಚಿನಿಂದ ಇಳಿದ ರೊಟ್ಟಿಯನ್ನು ಬಿಸಿಬಿಸಿಯಾಗಿಯೇ ಬಟ್ಟೆಯಲ್ಲಿ ಸುತ್ತಿದರೆ ಹೊಲದಲ್ಲಿ ಬಿಚ್ಚುವಾಗಲೂ ಮೆತ್ತಗಿರುತ್ತಿತ್ತು. ಇಲ್ಲಿ ಜೋಳವೇ ಅಪರೂಪ. ಸಿಗುವುದು ಕುಚ್ಚಲಕ್ಕಿ, ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ದಪ್ಪ ಕೆಂಪಕ್ಕಿ. ನಾನು ಅದನ್ನು ಬೇಯಿಸಿ, ಅಕ್ಕಪಕ್ಕದವರನ್ನು ನೋಡಿ ಕಾಯಿ ಚಟ್ನಿ ಅರೆದು, ಹಬೆಯಾಡುತ್ತಿದ್ದ ಹಾಗೆಯೇ ಡಬ್ಬಿಗೆ ಒತ್ತಿ, ಮುಚ್ಚಳ ಬಿಗಿದು, ಮೇಲೆ ಬಟ್ಟೆಯನ್ನೂ ಸುತ್ತಿ ಕೊಟ್ಟೆ. ಮಗಳು ಬಿಸಿಯೂಟ ಉಣ್ಣಲಿ ಎಂದು.

ಸಂಜೆ ಡಬ್ಬಿ ತುಂಬಿಯೇ ಬಂತು. ಮುಚ್ಚಳ ತೆಗೆದರೆ ಹುಳಿ ನಾತ. ಮರುದಿನವೂ ಅದೇ. ಅದರ ಮರುದಿನ ಡಬ್ಬಿ ಖಾಲಿಯಾಗಿ ಬಂತು. ನಾನು ಹಿಗ್ಗಿದೆ.

"ಉಂಡಿಯೇನವಾ?"

"ನಾಯಿಗೆ ಹಾಕಿದೆ. ಅದೂ ಮೂಸಿ ಹೋತು."

ಹುಡುಗಿ ಸೊರಗಿದಳು. ಬೆಳಿಗ್ಗೆ ಎದ್ದರೆ ಹೊಟ್ಟೆನೋವು, ಶಾಲೆ ಬೇಡ. ಒಂದು ದಿನ ನಿಮ್ಮ ಅಜ್ಜ ಡ್ಯೂಟಿ ಮುಗಿಸಿ ಬಂದವರು ಅವಳ ತೋಳು ಹಿಡಿದು ನೋಡಿ ಹೇಳಿದರು: "ಇಲ್ಲಿ ಕೂಸು ಒಣಗಾಕ ಹತ್ತೈತಿ. ಪಂಚಮಿಗೆ ಊರಿಗೆ ಹೋದಾಗ ನಿಮ್ಮವ್ವನ ಕಡೆ ಬಿಟ್ಟು ಬರೂಣು. ಅಲ್ಲೇ ಸಾಲಿ ಕಲೀಲಿ."

ಅವರು ಕೋಪದಿಂದ ಹೇಳಿದ್ದಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಇದ್ದವಳು ಒಬ್ಬಳೇ ಮಗಳು. ಒಂದು ಡಬ್ಬಿ ಅನ್ನಕ್ಕಾಗಿ ಅವಳನ್ನು ಘಟ್ಟದ ಆಚೆ ಬಿಟ್ಟು ಬರಬೇಕೆ?

ಮರುದಿನ ಬೆಳಿಗ್ಗೆ ಡಬ್ಬಿ ಹಿಡಿದುಕೊಂಡೇ ಐಸಮ್ಮನ ಹಿತ್ತಿಲಿಗೆ ಹೋಗಿ ನಿಂತೆ. ನಾನಾಗಿ ಅವರ ಮನೆಯ ಕಡೆ ಹೆಜ್ಜೆ ಇಟ್ಟದ್ದು ಅದೇ ಮೊದಲು. ಡಬ್ಬಿ ಮುಂದೆ ಚಾಚಿದೆ. ಅವರು ಮುಟ್ಟಿ ನೋಡಿ ಕೈ ಹಿಂದೆಗೆದರು.

"ಅಯ್ಯೋ ಮಾರಾಯ್ತಿ, ಎಂತ ಇದು? ಹಬೆ ಒಳಗೆ ಹಾಕಿ ಬಾಗಿಲು ಹಾಕುದಾ? ಹಳಸದೆ ಮತ್ತೆಂತ ಆಗ್ತದೆ? ಹಸಿ ಕಾಯಿ ಬೇರೆ ಅರೆದು ಹಾಕಿದ್ದೀರಿ!"

"ಮತ್ತ ತಣ್ಣಗಿಂದು ಹೆಂಗ ಕೊಡೂದ್ರಿ ಕೂಸಿಗೆ?"

"ತಣ್ಣಗಿನದ್ದು ತಿಂದ್ರೆ ಎಂತ ಆಗುದಿಲ್ಲ. ಹಳಸಿದ್ದು ತಿಂದ್ರೆ ಆಗ್ತದೆ." ಹೇಳುತ್ತಲೇ ಬಾಳೆ ಎಲೆ ಕೊಯ್ದರು. "ನೀವು ನಮ್ಮ ಮನೆಯದ್ದು ತಿನ್ನುದಿಲ್ಲ, ಗೊತ್ತುಂಟು ನನಗೆ. ಎಲೆ ಆದ್ರೂ ತಗೊಳ್ಳಿ. ಅದು ಮೀನು ತಿನ್ನುದಿಲ್ಲ."

ನಾನು ನಕ್ಕುಬಿಟ್ಟೆ. ಈ ಸಲ ನಕ್ಕು ಓಡಲಿಲ್ಲ. ಎಲೆಯನ್ನು ಕೆಂಡದ ಮೇಲೆ ಬಾಡಿಸಿ ಡಬ್ಬಿಯೊಳಗೆ ಹಾಸುವುದು, ಗಂಜಿ ಬಸಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸುವುದು, ಡಬ್ಬಿಯನ್ನು ಒರೆಸಿ ಒಣಗಿಸುವುದು, ಇಷ್ಟನ್ನು ಅವರಿಂದ ಕಲಿತೆ.

ಆದರೆ ಕಾಯಿ ಇಲ್ಲದೆ ನಂಚಿಕೊಳ್ಳಲು ಏನು? ಅದು ಐಸಮ್ಮನಿಗೂ ತಿಳಿಯಲಿಲ್ಲ. ಕಾಯಿ ಇಲ್ಲದ ಪದಾರ್ಥ ಪದಾರ್ಥವೇ ಅಲ್ಲ ಅವರಿಗೆ. ಅಲ್ಲಿ ನನ್ನ ಊರು ನನ್ನ ಕೈ ಹಿಡಿಯಿತು. ಸೋಮವಾರದ ಸಂತೆಯಿಂದ ಶೇಂಗಾ ತರಿಸಿದೆ. ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು ಹಾಕಿ ಕುಟ್ಟಿದೆ. ಜೊತೆಗೆ ಹುರುಳಿಕಾಳನ್ನು ಬೇಯಿಸಿ ನೀರು ಆರುವವರೆಗೆ ಒಗ್ಗರಣೆಯಲ್ಲಿ ಬಾಡಿಸಿದ ಪಲ್ಯ. ಕೊನೆಗೆ ಒಂದು ತುಂಡು ಬೆಲ್ಲ. ಯಾವುದೂ ದುಬಾರಿಯಲ್ಲ, ಯಾವುದೂ ಮಧ್ಯಾಹ್ನಕ್ಕೆ ಕೆಡುವುದಲ್ಲ. ಫ್ರಿಜ್ ಎಂಬ ಪೆಟ್ಟಿಗೆ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ, ಅದು ಬೇಕು ಎಂದೂ ನನಗೆ ಅನಿಸಲಿಲ್ಲ.

ಆ ಬುತ್ತಿ ಕಟ್ಟಿಕೊಟ್ಟ ದಿನ ಸಂಜೆ ಸುವರ್ಣ ಓಡಿ ಬಂದಳು. "ಅವ್ವಾ, ನಾಳೆ ಚಟ್ನಿಪುಡಿ ಜಾಸ್ತಿ ಹಾಕು. ನನಗೆ ಸಿಗಲೇ ಇಲ್ಲ, ಎಲ್ಲ ಕ್ಲಾಸಿನವರೇ ತಿಂದ್ರು!"

ಪಂಚಮಿ ಹತ್ತಿರ ಬಂತು. ನಿಮ್ಮ ಅಜ್ಜ ಟ್ರಂಕ್ ಇಳಿಸಿ ಮಗಳ ಬಟ್ಟೆಯನ್ನೆಲ್ಲ ಅದರೊಳಗೆ ಇಡತೊಡಗಿದರು. ಅವಳು ಒಂದೊಂದಾಗಿ ಹೊರಗೆ ತೆಗೆದಳು.

"ನಾನು ಅಲ್ಲಿ ಉಳಿಯುದಿಲ್ಲ ಅಪ್ಪಾ. ನನಗೆ ಇಲ್ಲಿ ಶಾಲೆ ಉಂಟು."

"ಏನಂದಿ? ಉಂಟು?" ಅವರು ನನ್ನ ಮುಖ ನೋಡಿದರು. ನಾನು ಡಬ್ಬಿಯ ಮುಚ್ಚಳ ತೆಗೆದು ತೋರಿಸಿದೆ. ಒಂದು ಅಗುಳೂ ಇರಲಿಲ್ಲ. ಅವರು ಬಟ್ಟೆಗಳನ್ನು ಗೂಟಕ್ಕೆ ಹಾಕಿದರು.

ಹಬ್ಬಕ್ಕೆ ಮೂವರೂ ಹೋದೆವು, ಮೂವರೂ ಹಿಂದಿರುಗಿದೆವು. ಹೊರಡುವ ದಿನ ದಾರಿಗೆಂದು ಅವ್ವ ಅನ್ನ ಕಲಸಿದಳು. ನಾನು ಅದನ್ನು ತಟ್ಟೆಯಲ್ಲಿ ಹರಡಿ ಬೀಸಣಿಗೆ ಹಿಡಿದು ಕುಳಿತೆ.

"ಬಿಸಿ ಇದ್ದಾಗ್ಲೇ ಕಟ್ಟು, ಹುಚ್ಚಿ."

"ಆರ್ಲಿ ತಡಿ ಅವ್ವಾ."

"ಘಟ್ಟದ ಕೆಳಗಿನಾಕಿ ಆಗೀ ನೀ," ಎಂದಳು ಅವ್ವ. ನಕ್ಕಳು, ಆದರೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ದರ್ಬೆಯಲ್ಲಿ ಬಸ್ಸಿಳಿದು ಮನೆ ಮುಟ್ಟಿದಾಗ ಐಸಮ್ಮ ಬೇಲಿಯಾಚೆಯಿಂದ ಕೂಗಿದರು: "ಘಟ್ಟದಮ್ಮ ಬಂದ್ರಾ?"

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನನ್ನ ತಮ್ಮ ನನ್ನನ್ನು ಊರಿಗೆ ಕರೆದ. ಹೋಗಲಿಲ್ಲ. ಇಲ್ಲಿಯವಳೇ ಆಗಿಬಿಟ್ಟೆ ಎನ್ನಲೂ ಬಾಯಿ ಬರುವುದಿಲ್ಲ. ಈಗ ನಿಮ್ಮ ಮನೆಯಲ್ಲಿ ಫ್ರಿಜ್ ಇದೆ. ಆದರೂ ಅನ್ನವನ್ನು ನಾನು ಆರಿಸಿಯೇ ಡಬ್ಬಿಗೆ ಹಾಕುತ್ತೇನೆ, ರೊಟ್ಟಿಯನ್ನು ಬಿಸಿಯಲ್ಲೇ ಬಟ್ಟೆಗೆ ಸುತ್ತುತ್ತೇನೆ. ನೀವು ನಗುತ್ತೀರಿ. ನಗಿ. ಆದರೆ ಡಬ್ಬಿ ಖಾಲಿ ಮಾಡಿ ತನ್ನಿ.