ಬಕ್ಕಪ್ಪ ವಲ್ದ ಮಡೆಪ್ಪ, ಹಾಜಿರ್ ಹೋ

ಸಂತಪುರದ ಬಕ್ಕಪ್ಪನ ಗಂಟಲನ್ನು ದೇವರು ಯಾವುದೋ ಗುಡಿಯ ನಗಾರಿಗೆಂದು ಮಾಡಿ, ಕಡೇ ಗಳಿಗೆಯಲ್ಲಿ ಮನಸ್ಸು ಬದಲಿಸಿ ಕುರಿ ಕಾಯುವವನಿಗೆ ಕೊಟ್ಟಿದ್ದ. ಅವನು ದಿಬ್ಬದ ಮೇಲೆ ನಿಂತು ಕೂಗಿದರೆ ಅವನ ಕುರಿಗಳು ಓಡಿಬರುತ್ತಿದ್ದವು. ಅಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ, ಮಂದಿಯ ಕುರಿಗಳೂ ಬರುತ್ತಿದ್ದವು. ಹಾಗೆ ಬಂದವುಗಳಲ್ಲಿ ಪಕ್ಕದ ಹೊಲದ ದತ್ತಾತ್ರಿಯ ಟಗರೂ ಒಂದು. ದತ್ತಾತ್ರಿ ಔರಾದಿನ ಕಚೇರಿಗೆ ಹೋಗಿ, ಬಕ್ಕಪ್ಪ ತನ್ನ ಟಗರನ್ನು ಕೂಗಿ ಕದ್ದಿದ್ದಾನೆ ಎಂದು ಫಿರ್ಯಾದು ಕೊಟ್ಟ. ಹಗ್ಗ ಹಾಕಿ ಕದ್ದವರನ್ನು ಬೇಕಾದಷ್ಟು ಕಂಡಿದ್ದ ಕಚೇರಿ, ಬರೀ ಬಾಯಿಂದ ಕದ್ದವನನ್ನು ನೋಡಲು ಬಹಳ ಉತ್ಸುಕವಾಗಿತ್ತು.

ಅವು ನಿಜಾಮರ ಆಳಿಕೆಯ ಕೊನೆಯ ವರ್ಷಗಳು. ಕಚೇರಿಯ ಮಾತೆಲ್ಲ ಉರ್ದು. ತಾರೀಖಿನ ದಿನ ಬಕ್ಕಪ್ಪ ತನ್ನ ಅಪ್ಪ ಮಡೆಪ್ಪನೊಂದಿಗೆ ಕಚೇರಿಯ ಬೇವಿನ ಮರದ ಕೆಳಗೆ ಕುಳಿತಿದ್ದ. ಅಪ್ಪ ಮಗನ ನಡುವೆ ಆಗಲೇ ಮಾತು ಕಡಿಮೆ. ವಾರದ ಹಿಂದೆ ಬಕ್ಕಪ್ಪ, “ನಾ ಇನ್ನ ಕುರಿ ವಲ್ಲೆ” ಅಂದುಬಿಟ್ಟಿದ್ದ. ವಲ್ಲೆ ಎನ್ನುವುದು ಸುಲಭ. ಹಾಗಾದರೆ ಏನು ಬೇಕು ಎಂದು ಅಪ್ಪ ಕೇಳಿದಾಗ ಅವನು ಆಕಾಶ ನೋಡಿದ್ದ.

ಉತ್ತರ ಅಂದು ಕಚೇರಿಯ ಪಡಸಾಲೆಗೆ ಬಂದು ನಿಂತಿತು. ಹೆಗಲಿಂದ ಸೊಂಟಕ್ಕೆ ಕೆಂಪು ಪಟ್ಟಾ, ಅದರ ಮೇಲೆ ಹಿತ್ತಾಳೆ ಬಿಲ್ಲೆ, ಮೇಲಕ್ಕೆ ತಿರುವಿದ ಮೀಸೆ. ಅವನು ಹಬೀಬ, ಹೆಸರು ಕೂಗುವ ಚಪರಾಸಿ. ಅವನು ಒಂದು ಹೆಸರು ಕೂಗಿದ್ದೇ ತಡ, ಮದುವೆ ಮನೆಯಲ್ಲೂ ಯಾರಿಗೂ ಎದ್ದು ನಿಲ್ಲದ ಒಬ್ಬ ದೊಡ್ಡ ಜಮೀನುದಾರ ಕಾಲಿನ ಜೋಡು ಕೈಯಲ್ಲಿ ಹಿಡಿದು ಓಡಿಬಂದ. ಬಕ್ಕಪ್ಪ ಎದ್ದು ನಿಂತು ಹಬೀಬನನ್ನೇ ನೋಡಿದ. ಕುರಿಗಳನ್ನು ಕರೆಯುವುದು ಬೇರೆ, ಜಮೀನುದಾರರನ್ನು ಕರೆಯುವುದು ಬೇರೆ.

ಅಷ್ಟರಲ್ಲಿ ಹಬೀಬ ಮತ್ತೆ ಕೂಗಿದ: “ಬಕ್ಕಪ್ಪ ವಲ್ದ ಮಡೆಪ್ಪ, ಹಾಜಿರ್ ಹೋ!”

ವಲ್ದ ಎಂದರೆ ಕಚೇರಿಯ ಉರ್ದುವಿನಲ್ಲಿ ಮಗ. ಬಕ್ಕಪ್ಪ, ಮಡೆಪ್ಪನ ಮಗ, ಹಾಜರಾಗಲಿ ಎಂದಷ್ಟೇ ಅರ್ಥ. ಆದರೆ ಬೇವಿನ ಕೆಳಗಿದ್ದ ಮಡೆಪ್ಪನ ಕಿವಿ ಅಪ್ಪಟ ಸಂತಪುರದ ಕಿವಿ. ಅದಕ್ಕೆ ವಲ್ದ ಎಂದರೆ ಒಲ್ಲದ. ಬಕ್ಕಪ್ಪನಿಗೆ ಬೇಡವಾದ ಮಡೆಪ್ಪ ಹಾಜರಾಗಲಿ ಎಂದು ಸರ್ಕಾರ ಇಡೀ ಔರಾದಿಗೆ ಸಾರಿದಂತೆ ಕೇಳಿಸಿತು. ಮುದುಕ ಎದ್ದ, ಧೋತರ ಝಾಡಿಸಿದ, ಕಂಬಳಿ ಹೆಗಲಿಗೇರಿಸಿ ನಡೆದೇಬಿಟ್ಟ.

ವಿಚಾರಣೆಗೆ ಮುಂದಿನ ತಾರೀಖು ಬಿತ್ತು. ಮನೆಗೆ ಬಂದು ಬಕ್ಕಪ್ಪ ತಿಳಿಸಿ ಹೇಳಿದ. “ಅಪ್ಪಾ, ವಲ್ದ ಅಂದ್ರ ಮಗ ಅಂತ.”

“ಮಗ ಅಂದ್ರ ಬೇಟಾ. ನಿಮ್ಮಪ್ಪಗ ಅಷ್ಟೂ ಉರ್ದು ಬರಂಗಿಲ್ಲ ಅಂತ ತಿಳದಿಯೇನು? ಮೊದಲ ಕುರಿ ವಲ್ಲೆ ಅಂದಿ. ಈಗ ಅಪ್ಪನ್ನೂ ವಲ್ಲೆ ಅಂತ ಸರ್ಕಾರಕ್ಕ ಬರಿಸಿಕೊಟ್ಟಿ.”

“ನಾ ಎಲ್ಲಿ ಬರಿಸೀನಿ?”

“ಮತ್ತ ಸರ್ಕಾರ ಸುಳ್ಳ ಒದರತದೇನು?”

ಇದಕ್ಕೆ ಉತ್ತರ ಕೊಡಬಲ್ಲವರು ಆ ಕಾಲದಲ್ಲಿ ಸಂತಪುರದಲ್ಲಿ ಯಾರೂ ಇರಲಿಲ್ಲ. ಮರುದಿನ ಮಡೆಪ್ಪ ಭಾಲ್ಕಿ ಕಡೆಯ ಸಾಯಗಾಂವಕ್ಕೆ, ಮಗಳು ಶೇವಂತಾಬಾಯಿಯ ಮನೆಗೆ ಹೊರಟುಹೋದ. ಗಂಡುಮಗನಿದ್ದೂ ಅಪ್ಪ ಮಗಳ ಮನೆಯ ರೊಟ್ಟಿ ತಿನ್ನುತ್ತಾನೆ ಎಂಬ ಮಾತು ಬಕ್ಕಪ್ಪನಿಗಿಂತ ಮೊದಲೇ ಬಾವಿಕಟ್ಟೆ ತಲುಪಿತು.

ಆ ದಿನ ಬಕ್ಕಪ್ಪ ಶಪಥ ಮಾಡಿದ. ಹಿಂದಿನ ಕಾಲದ ವೀರರು ಕೋಟೆ ಗೆಲ್ಲುತ್ತೇನೆಂದು ಶಪಥ ಮಾಡುತ್ತಿದ್ದರು. ಇವನು ಕೆಂಪು ಪಟ್ಟಾ ಹಾಕುತ್ತೇನೆಂದು ಮಾಡಿದ. ಆ ಪಟ್ಟಾ ಹಾಕಿಕೊಂಡು, ಅಪ್ಪನಿಗೆ ತಿಳಿಯುವ ಹಾಗೆ ಅಪ್ಪನ ಹೆಸರನ್ನು ಸರ್ಕಾರದ ಬಾಯಲ್ಲೇ ಕೂಗಬೇಕು.

“ಮಂದಿ ಪಟೇಲ ಆಗ್ತೇನಿ ಅಂತಾರ, ಮಾಸ್ತರ ಆಗ್ತೇನಿ ಅಂತಾರ,” ಅಂದಳು ಹೆಂಡತಿ ಚಂದ್ರಭಾಗಾ. “ನೀವು ಒದರಾಂವ ಆಗ್ತೇನಿ ಅಂತೀರಿ. ಅದನ್ನ ಮನ್ಯಾಗ ದಿನಾ ಪುಕ್ಕಟೆ ಮಾಡಾಕತ್ತೀರಲ್ಲರಿ.”

ಬಕ್ಕಪ್ಪ ಸಂತೆಗೆ ಔರಾದಿಗೆ ಹೋದಾಗಲೆಲ್ಲ ಹಬೀಬನ ಶಿಷ್ಯವೃತ್ತಿ ಮಾಡಿದ. ಗುರುದಕ್ಷಿಣೆ ಎಂದರೆ ಕುರಿಹಾಲು. ಹಬೀಬನ ಹೆಂಡತಿ ಮಹಮೂದಾ ಬೇಗಂ ಹಾಲು ಕಾಸುತ್ತ ಒಳಗಿಂದಲೇ, “ಒಂದು ಗಂಟಲಿಗೇ ನನ್ನ ಕಿವಿ ಹೋಗ್ಯಾವ, ಇನ್ನೊಂದು ಬಂತು” ಎಂದು ಗೊಣಗುತ್ತಿದ್ದಳು.

“ನೋಡು ಭಾಯಿ,” ಹಬೀಬ ಪಾಠ ಹೇಳುತ್ತಿದ್ದ, “ಮೂರು ಸಲ ಕೂಗಬೇಕು. ಮೊದಲನೇದು ಮರದ ಕೆಳಗ ಕೂತಾಂವಗ. ಎರಡನೇದು ಚಾ ಹೋಟೆಲಿನ್ಯಾಗ ಇದ್ದಾಂವಗ. ಮೂರನೇದು, ಓಡಿ ಹೋಗಬೇಕಂತ ಮಾಡ್ಯಾನಲ್ಲ, ಅವನಿಗೆ. ಮತ್ತ ಉಸಿರು ಎದಿಯಿಂದ ಬ್ಯಾಡ. ಹೊಟ್ಟಿಯಿಂದ ತಗಿ.”

ಆಮೇಲೆ ಬಂದ ದಿನಗಳು ತಮಾಷೆಗೆ ಸಿಗುವಂಥವಲ್ಲ. ರಜಾಕಾರರ ಹಾವಳಿಗೆ ಅಂಜಿ ಊರಿಗೆ ಊರೇ ಅಡವಿ ಸೇರಿತು. ಪೊಲೀಸ್ ಆಕ್ಷನ್ ಆಯಿತು, ಅಡವಿ ಸೇರಿದವರು ಮನೆಗೆ ಬಂದರು. ಆಗ ಸೇಡಿಗೆ ಅಂಜಿ ಹಬೀಬನ ಓಣಿಯ ಬಾಗಿಲುಗಳು ಮುಚ್ಚಿಕೊಂಡವು. ಆಯುಷ್ಯವೆಲ್ಲ ಹೆಸರು ಕೂಗಿದ್ದು ಬಿಟ್ಟರೆ ಬೇರೇನೂ ಮಾಡದ ಹಬೀಬನೂ ಅಗಳಿ ಹಾಕಿಕೊಂಡು ಒಳಗೆ ಕುಳಿತ. ಯಾರು ಕರೆದರೂ ತೆರೆಯಲಿಲ್ಲ. ಆ ದಿನಗಳಲ್ಲಿ ಕರೆದವನು ಯಾಕೆ ಕರೆದ ಎಂದು ಹೇಗೆ ಗೊತ್ತಾಗಬೇಕು?

ಬಕ್ಕಪ್ಪ ಜೋಳದ ಚೀಲ ಹೊತ್ತು ಬಂದ. ಬಾಗಿಲು ಬಡಿಯಲಿಲ್ಲ. ಕಾಲು ಅಗಲಿಸಿ ನಿಂತು ಕೂಗಿದ: “ಹಬೀಬ ವಲ್ದ ಬದ್ರೋದ್ದೀನ, ಹಾಜಿರ್ ಹೋ!”

ಎರಡನೆಯ ಸಲ ಕೂಗಿದ. ಮೂರನೆಯ ಸಲ ಕೂಗಿದ. ಊರಿಗೆಲ್ಲ ಹಾಜಿರ್ ಹೋ ಎಂದವನನ್ನು ಅಲ್ಲಿಯವರೆಗೆ ಯಾರೂ ಹಾಗೆ ಕರೆದಿರಲಿಲ್ಲ.

ಒಳಗಿಂದ ನೊಂದ ದನಿಯೊಂದು ಬಂತು. “ಇನ್ನೂ ಎದಿಯಿಂದನ ತಗೀತಿ. ಹೊಟ್ಟಿಯಿಂದ ತಗಿ ಅಂತ ಎಷ್ಟು ಹೇಳಬೇಕು ನಿನಗ?”

ಅಗಳಿ ಸರಿಯಿತು.

ಸ್ವಲ್ಪ ಕಾಲದ ಮೇಲೆ ಭಾಲ್ಕಿಯ ಕೋರ್ಟಿಗೆ ಕೂಗುವ ಚಪರಾಸಿ ಬೇಕೆಂದು ಬೀದರಿನಲ್ಲಿ ಆಯ್ಕೆ ನಡೆಯಿತು. ಹಬೀಬನೇ ಬಕ್ಕಪ್ಪನನ್ನು ಕರೆದುಕೊಂಡು ಹೋದ. ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ಬಂದಾಗ, “ನನಗ ಎದಿ ಬಡೀತದ, ನಾ ಇಲ್ಲೇ ಚಾ ಕುಡೀತೇನಿ, ನೀ ಹೋಗು” ಎಂದು ಹೋಟೆಲಿಗೆ ನುಗ್ಗಿದ.

ಆಯ್ಕೆ ಮಾಡುವವರು ಭಾಲ್ಕಿಗೆ ಹೊಸದಾಗಿ ಬಂದಿದ್ದ ಧಾರವಾಡ ಕಡೆಯ ಸಾಹೇಬರು. ಉಳಿದ ಉಮೇದುವಾರರ ಕೈಯಲ್ಲಿ ಕಾಗದಗಳಿದ್ದವು. ಬಕ್ಕಪ್ಪನ ಕೈಯಲ್ಲಿ ಕೈವಸ್ತ್ರವೂ ಇರಲಿಲ್ಲ.

“ನಿನ್ನ ಬಗ್ಗೆ ಹೇಳಾವ್ರು ಯಾರಾರ ಅದಾರೇನು?”

“ಅದಾರರಿ. ಹೋಟೆಲಿನ್ಯಾಗ ಅದಾರ. ಕರೀಲೇನ್ರಿ?”

ಸಾಹೇಬರು ತಲೆಯಾಡಿಸಿದರು, ಆಳು ಕಳಿಸುತ್ತಾನೆಂದು ತಿಳಿದು. ಬಕ್ಕಪ್ಪ ಪಡಸಾಲೆಗೆ ಹೋಗಿ ಅಲ್ಲಿಂದಲೇ ಕರೆದ. ಈ ಸಲ ಉಸಿರು ಹೊಟ್ಟೆಯಿಂದಲೇ ಬಂತು. ಚೌಬಾರಾದ ಪಾರಿವಾಳಗಳೆಲ್ಲ ಒಮ್ಮೆಲೇ ಮೇಲೆದ್ದವು. ಹಬೀಬ ಬಾಯಲ್ಲಿನ ಚಹಾ ನುಂಗುವುದನ್ನೂ ಮರೆತು ಓಡಿಬಂದ. ಅವನ ಹಿಂದೆ ಹೋಟೆಲಿನವನು, ಇಬ್ಬರು ಬಳೆಗಾರರು, ಮತ್ತು ಹಬೀಬ ಎಂದೇ ಹೆಸರಿದ್ದ ಇನ್ನೂ ಮೂವರು ಬಂದರು. ಸಾಹೇಬರು ಪೆನ್ನು ಕೆಳಗಿಟ್ಟು ನಕ್ಕರು. ಬಕ್ಕಪ್ಪನಿಗೆ ನೌಕರಿ ಸಿಕ್ಕಿತು. ಆದರೆ ಕಚ್ಚಾ ನೌಕರಿ, ಸರಿಬಂದರೆ ಮಾತ್ರ ಪಕ್ಕಾ. ಹೆಂಡತಿಯನ್ನು ಕರೆದುಕೊಂಡು ಬಂದು ಭಾಲ್ಕಿಯಲ್ಲೇ ಮನೆ ಮಾಡಿದ.

ಭಾಲ್ಕಿ ಕೋರ್ಟಿನ ಹಳೆಯ ಪೇಶ್ಕಾರ, ಅಂದರೆ ಸಾಹೇಬರ ಮುಂದೆ ದಫ್ತರ ಇಡುವ ಕಾರಕೂನ, ಮೊದಲ ದಿನವೇ ಎಚ್ಚರಿಸಿದ. “ಕರೆಯೋ ರಿವಾಜು ಹಿಂದಿಂದನ ಐತಿ. ಒಂದು ಅಕ್ಷರ ಹೆಚ್ಚುಕಮ್ಮಿ ಆತೋ, ಹೊಳ್ಳಿ ಕುರಿ ಹಿಂದ.”

ತಿಂಗಳು ಕಳೆಯುವುದರೊಳಗೆ ಔರಾದಿನ ಹಳೆಯ ಖಟ್ಲೆಗಳು ಭಾಲ್ಕಿಗೆ ವರ್ಗವಾಗಿ ಬಂದವು. ಅವುಗಳಲ್ಲಿ ಟಗರಿನದೂ ಇತ್ತು. ಆರೋಪಿಗೆ ಕೋರ್ಟಿನಲ್ಲೇ ನೌಕರಿ ಹೇಗೆ ಸಿಕ್ಕಿತು ಎಂದು ಕೇಳಬಾರದು. ಆ ಕಾಲದಲ್ಲಿ ದಫ್ತರಗಳ ಗಂಟನ್ನೇ ಯಾರೂ ಬಿಚ್ಚಿರಲಿಲ್ಲ. ಸಾಕ್ಷಿಯಾಗಿ ಮಡೆಪ್ಪನಿಗೂ ಸಮನ್ಸು ಹೋಗಿತ್ತು. ಅವನು ಸಾಯಗಾಂವದಿಂದ ಬಂದು, ಅಂಗಳದ ಬೇವಿನ ಕೆಳಗೆ ಕೋರ್ಟಿಗೆ ಬೆನ್ನು ತಿರುಗಿಸಿ ಕುಳಿತ.

ಬಕ್ಕಪ್ಪ ತನ್ನ ಹೆಸರನ್ನೇ ಕೂಗಬೇಕಾಗಿತ್ತು. ಪೇಶ್ಕಾರ ಬಾಗಿಲಲ್ಲೇ ನಿಂತಿದ್ದ.

“ಬಕ್ಕಪ್ಪ ವಲ್ದ ಮಡೆಪ್ಪ, ಹಾಜಿರ್ ಹೋ!”

ಬೇವಿನ ಕೆಳಗಿನ ಬೆನ್ನು ಸೆಟೆದುಕೊಂಡಿತು. ಎರಡನೆಯ ಕೂಗಿಗೆ ಮುದುಕನ ಕೈ ಕಂಬಳಿಯ ಕಡೆ ಹೋಯಿತು. ಔರಾದಿನಲ್ಲಿ ಹೋಗಿದ್ದೂ ಹೀಗೆಯೇ. ಒಂದು ಕಡೆ ಕೆಂಪು ಪಟ್ಟಾ, ಇನ್ನೊಂದು ಕಡೆ ಎದ್ದು ನಿಲ್ಲುತ್ತಿರುವ ಅಪ್ಪ. ಉಳಿದದ್ದು ಒಂದೇ ಕೂಗು. ಓಡಿಹೋಗುವವರಿಗೆಂದು ಹಬೀಬ ಹೇಳಿದ್ದ ಮೂರನೆಯದು.

“ಬಕ್ಕಪ್ಪ! ತಂದಿ ಮಡೆಪ್ಪ! ಹಾಜರ ಅದಾರೇನ್ರಿ?”

ಕೋರ್ಟಿನ ಗೋಡೆಗಳು ಕನ್ನಡವನ್ನು ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. ಮಡೆಪ್ಪ ನಿಧಾನವಾಗಿ ತಿರುಗಿದ. ಕೆಂಪು ಪಟ್ಟಾ ನೋಡಿದ. ಅದರ ಮೇಲಿದ್ದ ಮುಖ ನೋಡಿದ.

“ಅದೀನಿ,” ಅಂದ. “ತಂದಿ ಇಲ್ಲೇ ಅದೀನಿ. ಇಷ್ಟು ದಿನ ಯಾರೂ ನೆಟ್ಟಗ ಕರೀಲಿಲ್ಲ, ಅದಕ್ಕ ಬರಲಿಲ್ಲ.”

ಪೇಶ್ಕಾರ ಒಳಗೆ ಓಡಿದ. “ರಿವಾಜು ಮುರದಾನ್ರಿ ಸಾಹೇಬರ. ಕರದದ್ದು ಮಗನ್ನ, ಬಂದಾಂವ ಅಪ್ಪ.”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಪೇಶ್ಕಾರ್‍ರ, ವಲ್ದ ಅಂದ್ರ ಏನಂತ ಬಂದ ದಿನದಿಂದ ನಿಮ್ಮನ್ನ ಕೇಳಬೇಕಂತಿದ್ದೆ. ನಾಚಿಕಿ ಬಂದು ಕೇಳಲಿಲ್ಲ. ಇವತ್ತ ತಿಳೀತು. ನನ್ನ ಕೋರ್ಟಿನ್ಯಾಗ ಇನ್ನ ಹಿಂಗ ಕರೀಲಿ. ಇಂವಗ ಪಕ್ಕಾ ಮಾಡ್ರಿ. ಆತು, ಆ ಬಕ್ಕಪ್ಪ ಎಲ್ಲಿ?”

“ನಾನರಿ.”

“ಆರೋಪಿ ನೀನ?”

“ಹೌದ್ರಿ. ಕರದದ್ದೂ ನಾನ, ಬಂದದ್ದೂ ನಾನ.”

ದತ್ತಾತ್ರಿ ಎದ್ದು ನಿಂತ. ಟಗರು ಆ ಗಲಾಟೆಯ ದಿನಗಳಲ್ಲೇ ಯಾರದೋ ಊಟವಾಗಿ ಹೋಗಿತ್ತು. ಅವನು ಬಂದದ್ದು ಭಾಲ್ಕಿ ಪೇಟೆಯಲ್ಲಿ ಹೊಸ ಟಗರು ಕೊಳ್ಳಲು. ದಾರಿಯಲ್ಲಿದೆ ಎಂದು ಕೋರ್ಟಿಗೂ ಬಂದಿದ್ದ. ರಾಜಿ ಎಂದ. ಖಟ್ಲೆ ಮುಗಿಯಿತು.

ಸಂಜೆ ಮಡೆಪ್ಪ ಅಂಗಳ ಬಿಟ್ಟು ಕದಲಲಿಲ್ಲ.

“ಇನ್ನೊಮ್ಮೆ ಕೂಗು.”

“ಕೋರ್ಟು ಮುಗೀತಪ್ಪಾ.”

“ಕೋರ್ಟಿಗಲ್ಲೋ. ಸಾಯಗಾಂವದಾಗ ನಿಮ್ಮಕ್ಕ ನನಗಂತ ರೊಟ್ಟಿ ಬಡೀತಿರತಾಳ. ಅಪ್ಪ ಇವತ್ತ ಮಗನ ಮನ್ಯಾಗ ಉಣ್ತಾನಂತ ಅಕಿಗೆ ಹ್ಯಾಂಗ ತಿಳೀಬೇಕು?”

ಬಕ್ಕಪ್ಪ ಸಾಯಗಾಂವದ ದಿಕ್ಕಿಗೆ ತಿರುಗಿ, ಕಾಲು ಅಗಲಿಸಿ ನಿಂತು, ಹೊಟ್ಟೆಯಿಂದ ಉಸಿರು ತೆಗೆದ. ಗೇಟಿನ ಹತ್ತಿರ ದತ್ತಾತ್ರಿ ಹೊಸ ಟಗರಿನ ಹಗ್ಗವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡ.